ಹಳೆಯ ಲ್ಯಾಪ್‌ಟಾಪೂ ಅದರ ಡ್ರೈವರುಗಳೂ

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯ ಹಿಂದಿನ ಕೋಣೆಯಲ್ಲಿ ಒಂದು ಮರದ ಬೀರು ಇದೆ. ಸವೆದುಹೋದ ಸ್ಕ್ರೂಗೇಜುಗಳು, ಮುಳ್ಳು ಅಲುಗಾಡದ ಗ್ಯಾಲ್ವನೋಮೀಟರುಗಳು, ಗಾಜು ಒಡೆದ ಒಂದು ಬ್ಯಾರೊಮೀಟರು, ಇವುಗಳ ನಡುವೆ ಅಲ್ಲಿ ಐದು ಲ್ಯಾಪ್‌ಟಾಪುಗಳೂ ಇದ್ದುವು. ೨೦೦೬-೦೭ರ ಸುಮಾರಿನಲ್ಲಿ ಕೊಂಡವು. ಅವುಗಳಲ್ಲಿದ್ದ ವಿಂಡೋಸ್ ಎಕ್ಸ್‌ಪಿ ಎಂಬ ಕಾರ್ಯಾಚರಣ ವ್ಯವಸ್ಥೆಗೆ ತಯಾರಕರ ಬೆಂಬಲವು ೨೦೧೪ರ ಏಪ್ರಿಲ್ ೮ರಂದು ಕೊನೆಗೊಂಡಿತು. ಆಮೇಲೆ ಅವನ್ನು ಯಾರೂ ಮುಟ್ಟಿರಲಿಲ್ಲ. ಈಚೆಗೆ ಸ್ಟಾಕ್ ಪರಿಶೀಲನೆ ನಡೆದಾಗ ಅವು ‘ನಿರುಪಯುಕ್ತ’ ಎಂಬ ಪಟ್ಟಿಗೆ ಸೇರಿದುವು. ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡುವುದೆಂದು ಗೊತ್ತಾಯಿತು.

ಅದೇ ವಾರ ದ್ವಿತೀಯ ಬಿ.ಎಸ್ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಬಳಿಗೆ ಬಂದಳು. ಸರಳ ಲೋಲಕದ ಆಂದೋಲನ ಕಾಲವನ್ನು ನಿಲ್‌ಗಡಿಯಾರಕ್ಕಿಂತ ಸೂಕ್ಷ್ಮವಾಗಿ ಅಳೆಯುವುದು ಅವಳು ಆರಿಸಿಕೊಂಡ ಪ್ರಾಜೆಕ್ಟು. “ಸಾರ್, ಮನೇಲಿ ಕಂಪ್ಯೂಟರ್ ಇಲ್ಲ. ಫೋನಲ್ಲೇ ಮಾಡೋಣ ಅಂತ ನೋಡಿದೆ, ಅದಕ್ಕೆ ವೈರ್ ಹಾಕೋಕೆ ಜಾಗಾನೇ ಇಲ್ಲ” ಎಂದಳು. ಕಾಲೇಜಿನ ಕಂಪ್ಯೂಟರ್ ಕೊಠಡಿಯ ಯಂತ್ರಗಳಿಗೆ ಲೋಲಕದ ತಂತಿಗಳನ್ನು ಜೋಡಿಸಲು ಅಪ್ಪಣೆ ದೊರೆಯುವ ಸಂಭವವಿರಲಿಲ್ಲ. ನಮಗೆ ಬೀರುವಿನ ನೆನಪಾಯಿತು. “ಒಂದು ವಾರ ತಡಿ, ಏನಾದರೂ ಮಾಡೋಣ” ಎಂದು ಹೇಳಿ ಕಳುಹಿಸಿದೆವು. ವಾರವೆಂದದ್ದು ಕೊನೆಗೆ ಐದು ವಾರಗಳಾದುವು. ಆ ಐದು ವಾರಗಳಲ್ಲಿ ನಾವು ಕಂಡದ್ದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಹಳೆಯ ಯಂತ್ರವನ್ನು ಮತ್ತೆ ಉಪಯೋಗಕ್ಕೆ ತರಲು ಲಿನಕ್ಸನ್ನು ಹಾಕಬೇಕೆಂಬುದು ಎಲ್ಲರೂ ಹೇಳುವ ಮಾತು. ೧೯೯೧ರ ಆಗಸ್ಟ್ ೨೫ರಂದು ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅವರು ತಾವು ಹವ್ಯಾಸಕ್ಕಾಗಿ ಬರೆಯುತ್ತಿದ್ದ ಕಾರ್ಯಾಚರಣ ವ್ಯವಸ್ಥೆಯ ವಿಚಾರವನ್ನು ಪ್ರಕಟಿಸಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಅದರ ತಿರುಳಾದ ‘ಕರ್ನಲ್’ ಈಗ ದೂರವಾಣಿಯಿಂದ ಹಿಡಿದು ಮಹಾಗಣಕದವರೆಗೆ ಎಲ್ಲ ಕಡೆಯೂ ಕೆಲಸ ಮಾಡುತ್ತಿದೆ. ಅದರ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇಷ್ಟು ವಾಚಕರಿಗೆ ತಿಳಿದೇ ಇರುತ್ತದೆ. ಆದರೆ ಆ ಮೂಲಲಿಪಿಯಲ್ಲಿ ಏನಿದೆ ಎಂದು ತೆರೆದು ನೋಡಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಅದರ ಅರ್ಧಕ್ಕಿಂತ ಹೆಚ್ಚು ಭಾಗವು ಲೆಕ್ಕಮಾಡುವುದಕ್ಕಾಗಲಿ ಕಡತಗಳನ್ನು ಇಡುವುದಕ್ಕಾಗಲಿ ಸಂಬಂಧಿಸಿದುದಲ್ಲ. ಅದು ‘ಡ್ರೈವರ್’ಗಳ ರಾಶಿ.

ಡ್ರೈವರ್ ಎಂದರೇನು? ಲ್ಯಾಪ್‌ಟಾಪಿನೊಳಗಿರುವ ಒಂದೊಂದು ಉಪಕರಣವೂ, ಅಂದರೆ ಧ್ವನಿಯ ಚಿಪ್ಪು, ರೇಡಿಯೋ ಚಿಪ್ಪು, ತೆರೆಯ ಹಿಂದಿನ ದೀಪ, ಇವೆಲ್ಲವೂ ಹೊರಜಗತ್ತಿಗೆ ತೋರುವುದು ಕೆಲವು ಅಂಕೆಗಳ ಗೂಡುಗಳನ್ನು ಮಾತ್ರ. ಅವುಗಳಿಗೆ ರಿಜಿಸ್ಟರುಗಳೆಂದು ಹೆಸರು. ಇಂಥ ಗೂಡಿನಲ್ಲಿ ಇಂಥ ಅಂಕೆಯನ್ನು ಬರೆದರೆ ದೀಪವು ಮಂಕಾಗುತ್ತದೆ. ಇನ್ನೊಂದು ಗೂಡನ್ನು ಓದಿದರೆ ಒಂದು ಸಂದೇಶ ಬಂದಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಗೂಡುಗಳ ಮೇಲೆ ಹೆಸರು ಬರೆದಿರುವುದಿಲ್ಲ. ಯಾವ ಗೂಡಿನ ಅರ್ಥ ಏನು, ಯಾವುದರ ನಂತರ ಯಾವುದನ್ನು ಎಷ್ಟು ಕಾಲ ಬಿಟ್ಟು ಬರೆಯಬೇಕು ಎಂಬ ತಿಳಿವಳಿಕೆಯನ್ನು ಕರ್ನಲ್ಲಿಗೆ ಕಲಿಸಿಕೊಡುವ ಬರಹವೇ ಡ್ರೈವರ್. ಅದಿಲ್ಲದಿದ್ದರೆ ಚಿಪ್ಪು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಅದು ಸಿಲಿಕಾನಿನ ಒಂದು ಚೂರು, ಅಷ್ಟೆ. ಗುಜರಿಗೆ ಹೋಗುವ ಎಷ್ಟೋ ಯಂತ್ರಗಳು ಕೆಟ್ಟುಹೋದವಲ್ಲ. ಅವುಗಳೊಡನೆ ಮಾತನಾಡುವ ಬಗೆಯನ್ನು ಯಾರೂ ಉಳಿಸಿಕೊಂಡಿಲ್ಲದವು.

ಮೊದಲು ನೋಡಬೇಕಾದದ್ದು ಪ್ರೊಸೆಸರ್. ನಮ್ಮ ಐದು ಯಂತ್ರಗಳೂ ಹೊರನೋಟಕ್ಕೆ ಅವಳಿ ಮಕ್ಕಳಂತೆ ಇದ್ದುವು. ಆದರೆ ಅವುಗಳಲ್ಲೊಂದು ಉಳಿದ ನಾಲ್ಕಕ್ಕಿಂತ ಕೆಲವು ತಿಂಗಳು ಹಿರಿಯದು. ಇಂಟೆಲ್ ಸಂಸ್ಥೆಯು ೨೦೦೬ರ ಜನವರಿಯಲ್ಲಿ ‘ಕೋರ್ ಡ್ಯುಯೋ’ ಎಂಬ ಪ್ರೊಸೆಸರನ್ನೂ ಅದೇ ವರ್ಷದ ಜುಲೈಯಲ್ಲಿ ‘ಕೋರ್ ೨ ಡ್ಯುಯೋ’ ಎಂಬುದನ್ನೂ ಹೊರತಂದಿತು. ಹೆಸರಿನಲ್ಲಿರುವ ವ್ಯತ್ಯಾಸ ಒಂದು ಅಂಕೆ. ಆದರೆ ಮೊದಲನೆಯದು ೩೨ ಬಿಟ್ಟುಗಳ ಆಜ್ಞೆಗಳನ್ನು ಮಾತ್ರ ಬಲ್ಲದು, ಎರಡನೆಯದು ೬೪ ಬಿಟ್ಟುಗಳದನ್ನೂ ಬಲ್ಲದು. ಇದನ್ನು ತಿಳಿಯಲು ಯಂತ್ರವನ್ನು ಬಿಚ್ಚಬೇಕಾಗಿಲ್ಲ. ಪೆನ್‌ಡ್ರೈವಿನಿಂದ ಲಿನಕ್ಸನ್ನು ಓಡಿಸಿ, ಪ್ರೊಸೆಸರಿನ ಗುಣಗಳ ಪಟ್ಟಿಯನ್ನು ತೋರಿಸುವ ಕಡತವನ್ನು ತೆರೆದರೆ, ಹತ್ತಾರು ಸಂಕ್ಷೇಪಗಳ ನಡುವೆ ‘ಎಲ್‌ಎಂ’ ಎಂಬ ಎರಡಕ್ಷರ ಇದೆಯೇ ಇಲ್ಲವೇ ಎಂದು ಹುಡುಕಬೇಕು. ‘ಲಾಂಗ್ ಮೋಡ್’ ಎಂಬುದರ ಸಂಕ್ಷೇಪ ಅದು. ನಾಲ್ಕು ಯಂತ್ರಗಳಲ್ಲಿ ಇದ್ದಿತು, ಐದನೆಯದರಲ್ಲಿ ಇರಲಿಲ್ಲ. ಐದನೆಯದನ್ನು ಬದಿಗಿಟ್ಟೆವು. ನಾಲ್ಕರಲ್ಲಿಯೂ ಒಂದೊಂದು ಗಿಗಾಬೈಟು ಮೆಮೊರಿ ಮಾತ್ರ ಇದ್ದುದರಿಂದ ಹಳೆಯ ಬಿಡಿಭಾಗಗಳ ಅಂಗಡಿಯಿಂದ ಇನ್ನೊಂದೊಂದನ್ನು ತಂದು ಹಾಕಿದೆವು. ಆಗಿನ ಕಾಲದ ಆ ಪಟ್ಟಿಗಳನ್ನು ಈಗ ಕೇಳುವವರಿಲ್ಲ. ನಾಲ್ಕಕ್ಕೂ ಸೇರಿ ಒಂದು ಒಳ್ಳೆಯ ಪುಸ್ತಕದ ಬೆಲೆಯೂ ಆಗಲಿಲ್ಲ.

ನಮ್ಮ ಬಳಿ ಇದ್ದ ಪೆನ್‌ಡ್ರೈವಿನಲ್ಲಿ ‘ಡೆಬಿಯನ್’ ಎಂಬ ಲಿನಕ್ಸ್ ಬಳಗದ ಹನ್ನೊಂದನೆಯ ಆವೃತ್ತಿ ಇದ್ದಿತು. ಅದನ್ನೇ ಮೊದಲ ಯಂತ್ರಕ್ಕೆ ಹಾಕಿದೆವು. ಅರ್ಧ ಗಂಟೆಯಲ್ಲಿ ತೆರೆ ಬೆಳಗಿತು, ಕೀಲಿಮಣೆ ಓಗೊಟ್ಟಿತು, ಬೆರಳಿನಿಂದ ಉಜ್ಜುವ ಹಲಗೆಯೂ ಕೆಲಸ ಮಾಡಿತು. ಧ್ವನಿಯೂ ಬಂದಿತು. ಇದರ ಕಾರಣ ಗಮನಿಸತಕ್ಕದ್ದು. ಅಂದಿನ ಲ್ಯಾಪ್‌ಟಾಪುಗಳ ಧ್ವನಿಯ ಚಿಪ್ಪುಗಳು ಬೇರೆ ಬೇರೆ ಕಂಪೆನಿಗಳವಾದರೂ ಅವುಗಳಲ್ಲಿ ಬಹುಪಾಲು ೨೦೦೪ರಲ್ಲಿ ಪ್ರಕಟವಾದ ‘ಹೈ ಡೆಫಿನಿಷನ್ ಆಡಿಯೋ’ ಎಂಬ ಒಂದೇ ಒಪ್ಪಂದದಂತೆ ನಡೆಯುವಂಥವು. ಆ ಒಪ್ಪಂದದ ಪುಸ್ತಕವನ್ನು ಯಾರು ಬೇಕಾದರೂ ಓದಬಹುದಾಗಿದ್ದಿತು. ಓದಿದವರು ಡ್ರೈವರನ್ನು ಬರೆದರು. ಎರಡು ದಶಕಗಳು ಕಳೆದರೂ ಅದು ಮರೆತುಹೋಗಿಲ್ಲ.

ಬಾರದೆ ಹೋದದ್ದು ವೈಫೈ. ಜಾಲಗಳ ಪಟ್ಟಿ ಬರಿದಾಗಿದ್ದಿತು.

ಇಂಥ ಸಮಯದಲ್ಲಿ ಮಾಡಬೇಕಾದದ್ದು ಯಂತ್ರವನ್ನೇ ಪ್ರಶ್ನಿಸುವುದು. ರೋಹಿತದರ್ಶಕದ ಮುಂದೆ ಜ್ವಾಲೆಯನ್ನಿಟ್ಟು ಅದರಲ್ಲಿ ಸೋಡಿಯಂ ಇದೆಯೇ ಎಂದು ನೋಡುವ ಹಾಗೆ, ಇಲ್ಲಿಯೂ ಪ್ರತಿಯೊಂದು ಚಿಪ್ಪಿಗೆ ತನ್ನದೇ ಆದ ಗುರುತಿನ ಗೆರೆಗಳು ಇರುತ್ತವೆ. ‘ಪಿಸಿಐ’ ಎಂಬ ಒಳದಾರಿಗೆ ಜೋಡಿಸಿದ ಪ್ರತಿ ಉಪಕರಣವೂ ಕೇಳಿದ ತಕ್ಷಣ ಎರಡು ಸಂಖ್ಯೆಗಳನ್ನು ಹೇಳಲೇಬೇಕು. ಒಂದು ತಯಾರಕರದು, ಇನ್ನೊಂದು ಆ ಮಾದರಿಯದು. ಒಂದೊಂದೂ ೧೬ ಬಿಟ್ಟುಗಳಷ್ಟು ಉದ್ದ. ಷೋಡಶಮಾನ ಪದ್ಧತಿಯಲ್ಲಿ ಬರೆದರೆ ನಾಲ್ಕು ಅಂಕೆ. ಎಲ್, ಎಸ್, ಪಿ, ಸಿ, ಐ ಎಂಬ ಐದು ಅಕ್ಷರಗಳ ಆಜ್ಞೆಯನ್ನು ಬರೆದು, ಅದರ ಮುಂದೆ ಒಂದು ಅಡ್ಡಗೆರೆಯನ್ನೂ ಎರಡು ‘ಎನ್’ಗಳನ್ನೂ ಹಾಕಿದರೆ ಎಲ್ಲ ಉಪಕರಣಗಳ ಸಂಖ್ಯೆಗಳೂ ಸಾಲಾಗಿ ಬರುತ್ತವೆ. ನಮ್ಮ ರೇಡಿಯೋ ಚಿಪ್ಪು ಹೇಳಿದ್ದು ೮೦೮೬, ೪೨೨೨. ಇವುಗಳಲ್ಲಿ ಮೊದಲನೆಯದು ಇಂಟೆಲ್ ಸಂಸ್ಥೆಯ ಗುರುತು. ೧೯೭೮ರಲ್ಲಿ ಆ ಸಂಸ್ಥೆ ಹೊರತಂದ ಪ್ರಸಿದ್ಧ ಪ್ರೊಸೆಸರಿನ ಹೆಸರೂ ೮೦೮೬. ಅದನ್ನೇ ಅವರು ತಮ್ಮ ಗುರುತಿನ ಸಂಖ್ಯೆಯಾಗಿ ಇಟ್ಟುಕೊಂಡಿದ್ದಾರೆ. ಷೋಡಶಮಾನದ ಸಂಖ್ಯೆಯಾದ್ದರಿಂದ ಅದರ ಬೆಲೆ ನಮ್ಮ ದಶಮಾನದಲ್ಲಿ ೩೨,೯೦೨ ಎಂಬುದನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಎರಡನೆಯದಾದ ೪೨೨೨ ಎಂಬುದು ‘೩೯೪೫ಎಬಿಜಿ’ ಎಂಬ ಮಾದರಿಯ ಗುರುತು. ಪ್ರತಿ ಡ್ರೈವರಿನ ಹಣೆಯ ಮೇಲೂ ತಾನು ಬಲ್ಲ ಸಂಖ್ಯೆಗಳ ಪಟ್ಟಿ ಇರುತ್ತದೆ. ಯಂತ್ರ ಎಚ್ಚೆತ್ತಾಗ ಕರ್ನಲ್ ಇವೆರಡನ್ನೂ ಹೋಲಿಸಿ ಜೋಡಿಮಾಡುತ್ತದೆ. ನಮ್ಮಲ್ಲಿ ಜೋಡಿಯೇನೋ ಆಗಿತ್ತು. ಡ್ರೈವರ್ ಹಾಜರಿದ್ದಿತು. ಆದರೂ ರೇಡಿಯೋ ಮೌನ.

ಕರ್ನಲ್ ತನ್ನ ದಿನಚರಿಯನ್ನು ಬರೆದಿಡುತ್ತದೆ. ಅದನ್ನು ತೆಗೆಸಿ ಓದಿದಾಗ, ‘ಇಂಥ ಫರ್ಮ್‌ವೇರ್ ಕಡತವನ್ನು ತುಂಬಲು ಆಗಲಿಲ್ಲ’ ಎಂಬ ಅರ್ಥದ ಸಾಲೊಂದು ಸಿಕ್ಕಿತು. ಅದರ ಕೊನೆಯಲ್ಲಿ ಆವರಣದೊಳಗೆ ‘-೨’ ಎಂದಿದ್ದಿತು. ಋಣ ಎರಡು ಎಂಬುದು ಯೂನಿಕ್ಸ್ ಸಂಪ್ರದಾಯದಲ್ಲಿ ‘ಅಂಥ ಕಡತವೇ ಇಲ್ಲ’ ಎಂಬುದರ ಸಂಕೇತ. ಇಲ್ಲಿ ಇನ್ನೊಂದು ಮಾತನ್ನು ವಿವರಿಸಬೇಕಾಗಿದೆ. ರೇಡಿಯೋ ಚಿಪ್ಪಿನೊಳಗೆ ತನ್ನದೇ ಆದ ಒಂದು ಪುಟ್ಟ ಪ್ರೊಸೆಸರ್ ಇರುತ್ತದೆ. ಅದು ನಡೆಯಬೇಕಾದರೆ ಅದಕ್ಕೂ ಆಜ್ಞೆಗಳು ಬೇಕು. ಆ ಆಜ್ಞೆಗಳನ್ನು ಚಿಪ್ಪಿನಲ್ಲಿ ಶಾಶ್ವತವಾಗಿ ಕೆತ್ತಿದರೆ ಖರ್ಚು ಹೆಚ್ಚು, ತಿದ್ದುವುದೂ ಅಸಾಧ್ಯ. ಆದಕಾರಣ ಪ್ರತಿ ಸಲ ವಿದ್ಯುತ್ತು ಬಂದಾಗಲೂ ಕರ್ನಲ್ ಅವುಗಳನ್ನು ಡಿಸ್ಕಿನಿಂದ ತೆಗೆದು ಚಿಪ್ಪಿನೊಳಗೆ ಸುರಿಯಬೇಕು. ಆ ಕಡತವೇ ಫರ್ಮ್‌ವೇರ್. ನಮಗೆ ಬೇಕಾಗಿದ್ದುದು ಸುಮಾರು ಒಂದೂವರೆ ಲಕ್ಷ ಬೈಟುಗಳ ಕಡತ. ಒಂದು ಮಧ್ಯಮ ಗಾತ್ರದ ಛಾಯಾಚಿತ್ರಕ್ಕಿಂತಲೂ ಚಿಕ್ಕದು. ಅದಿಲ್ಲದೆ ರೇಡಿಯೋ ಚಿಪ್ಪು ಪಾಠ ಮರೆತ ಉಪಾಧ್ಯಾಯನಂತೆ ಸುಮ್ಮನೆ ನಿಂತಿದ್ದಿತು.

ಕಡತವೇಕೆ ಇರಲಿಲ್ಲ? ಅದರ ತಯಾರಕರು ಅದನ್ನು ಎಲ್ಲರೂ ಹಂಚಿಕೊಳ್ಳಲು ಅನುಮತಿ ಕೊಟ್ಟಿದ್ದರು. ಮೂಲಲಿಪಿಯನ್ನು ಮಾತ್ರ ಕೊಟ್ಟಿರಲಿಲ್ಲ. ಮೂಲಲಿಪಿ ಇಲ್ಲದುದನ್ನು ತಮ್ಮ ಅಧಿಕೃತ ಪ್ರತಿಯಲ್ಲಿ ಸೇರಿಸಬಾರದೆಂಬುದು ಡೆಬಿಯನ್ ಬಳಗದ ಬಹುಕಾಲದ ನಿಯಮ. ಓದಲಾಗದ ಬರಹವನ್ನು ನಂಬಬೇಡವೆಂಬ ತತ್ತ್ವ ಅದು. ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ವೈಫೈ ಇಲ್ಲದೆ ಫರ್ಮ್‌ವೇರನ್ನು ತರಿಸಿಕೊಳ್ಳುವುದಕ್ಕೂ ಆಗದ ಯಂತ್ರಗಳು ಹೆಚ್ಚುತ್ತ ಹೋದುವು. ಕೊನೆಗೆ ೨೦೨೨ರಲ್ಲಿ ಬಳಗದ ಸದಸ್ಯರು ಮತ ಹಾಕಿ ಆ ನಿಯಮವನ್ನು ಸಡಿಲಿಸಿದರು. ೨೦೨೩ರ ಜೂನ್ ತಿಂಗಳಲ್ಲಿ ಬಂದ ಹನ್ನೆರಡನೆಯ ಆವೃತ್ತಿಯಿಂದ ಇಂಥ ಕಡತಗಳೂ ಪ್ರತಿಯಲ್ಲಿಯೇ ಬರುತ್ತಿವೆ. ನಾವು ಹಳೆಯ ಪೆನ್‌ಡ್ರೈವನ್ನು ಚುಚ್ಚಿದ್ದರಿಂದ ಈ ತೊಂದರೆಗೆ ಸಿಕ್ಕಿದೆವು. ತಪ್ಪು ನಮ್ಮದೇ. ಬೇರೊಂದು ಯಂತ್ರದಲ್ಲಿ ಆ ಕಡತವನ್ನು ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ತಂದು, ಇರಬೇಕಾದ ಜಾಗದಲ್ಲಿಟ್ಟು ಯಂತ್ರವನ್ನು ಮತ್ತೆ ಆರಂಭಿಸಿದೆವು. ದಿನಚರಿಯಲ್ಲಿ ದೋಷದ ಸಾಲು ಕಾಣಲಿಲ್ಲ.

ಜಾಲಗಳ ಪಟ್ಟಿ ಇನ್ನೂ ಬರಿದಾಗಿಯೇ ಇದ್ದಿತು.

ಇದರ ಮುಂದಿನ ಮೂರು ಸಂಜೆಗಳ ಕಥೆಯನ್ನು ಹೇಳಲು ನಮಗೆ ಸ್ವಲ್ಪ ಸಂಕೋಚವಾಗುತ್ತದೆ. ಡ್ರೈವರನ್ನು ತೆಗೆದು ಹಾಕಿದೆವು, ಮತ್ತೆ ಸೇರಿಸಿದೆವು. ಕರ್ನಲ್ಲಿನ ಇನ್ನೊಂದು ಆವೃತ್ತಿಯನ್ನು ಹಾಕಿದೆವು. ಯಂತ್ರದ ತಳವನ್ನು ಬಿಚ್ಚಿ, ರೇಡಿಯೋ ಹಲಗೆಗೆ ಬಂದಿರುವ ಆಂಟೆನಾ ತಂತಿಗಳನ್ನು ಒತ್ತಿ ಕೂರಿಸಿದೆವು. ರೇಡಿಯೋಗಳ ಸ್ಥಿತಿಯನ್ನು ತೋರಿಸುವ ಆಜ್ಞೆಯೊಂದಿದೆ. ಅದು ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದು ಸ್ಪಷ್ಟವಾಗಿ ಹೇಳುತ್ತಲೇ ಇದ್ದಿತು. ಅದನ್ನು ಓದಿಯೂ ನಾವು ಅದಕ್ಕೆ ತತ್ತ್ವಾರ್ಥಗಳನ್ನು ಹುಡುಕುತ್ತಿದ್ದೆವು. ಮೂರನೆಯ ಸಂಜೆ ಬಾಗಿಲು ಹಾಕಲು ಬಂದ ನಮ್ಮ ಪ್ರಯೋಗಶಾಲೆಯ ಹಿರಿಯ ಅಟೆಂಡರು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು, “ಸಾರ್, ಮುಂದುಗಡೆ ಅಂಚಲ್ಲಿ ಒಂದು ಸಣ್ಣ ಗುಂಡಿ ಇದೆಯಲ್ಲ, ಅದನ್ನ ಬಲಗಡೆಗೆ ತಳ್ಳಿದೀರಾ? ಇವು ಬಂದಾಗ ಅಂಗಡಿ ಹುಡುಗ ಹೇಳಿಕೊಟ್ಟಿದ್ದ” ಎಂದರು. ತಳ್ಳಿದೆವು. ಅಂಚಿನಲ್ಲಿ ಒಂದು ಹಸಿರು ದೀಪ ಹತ್ತಿತು. ಪಟ್ಟಿಯಲ್ಲಿ ಒಂಬತ್ತು ಜಾಲಗಳು ಕಾಣಿಸಿಕೊಂಡುವು. ವಿಮಾನದಲ್ಲಿಯೂ ಆಸ್ಪತ್ರೆಯಲ್ಲಿಯೂ ರೇಡಿಯೋವನ್ನು ಕೈಯಿಂದಲೇ ಮುಚ್ಚಲೆಂದು ಅಂದಿನ ಲ್ಯಾಪ್‌ಟಾಪುಗಳಿಗೆ ಇಂಥ ಸ್ವಿಚ್ಚನ್ನು ಇಡುತ್ತಿದ್ದರು. ಅದು ಮುಚ್ಚಿದ್ದರೆ ಯಾವ ತಂತ್ರಾಂಶವೂ ಅದನ್ನು ತೆರೆಯಲಾರದು. ‘ಹಾರ್ಡ್’ ಎಂಬ ಪದದ ಅರ್ಥ ಅಷ್ಟೇ ಆಗಿದ್ದಿತು. “ನೀವು ಮೊದಲೇ ಹೇಳಬಾರದಾಗಿತ್ತೇ?” ಎಂದು ಕೇಳಿದ್ದಕ್ಕೆ, “ನೀವು ಕೇಳಲಿಲ್ಲ ಸಾರ್” ಎಂದರು.

ನಮ್ಮ ಚಿಪ್ಪಿನ ಮಟ್ಟಿಗೆ ಡ್ರೈವರೂ ಫರ್ಮ್‌ವೇರೂ ತಯಾರಕರಿಂದಲೇ ಬಂದಿದ್ದುವು. ಅದೇ ಕಾಲದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಬ್ರಾಡ್‌ಕಾಮ್ ಸಂಸ್ಥೆಯ ಚಿಪ್ಪುಗಳಿದ್ದುವು. ಅವುಗಳಿಗಾಗಿ ಲಿನಕ್ಸಿನವರಿಗೆ ಡ್ರೈವರಾಗಲಿ, ರಿಜಿಸ್ಟರುಗಳ ವಿವರವಾಗಲಿ ದೊರೆತಿರಲಿಲ್ಲ. ಆಗ ಕೆಲವರು ಕೈಗೊಂಡ ಕೆಲಸವು ಭೌತವಿಜ್ಞಾನಿಯ ಕೆಲಸವನ್ನು ಬಹಳವಾಗಿ ಹೋಲುತ್ತದೆ. ನಿಸರ್ಗವು ತನ್ನ ನಿಯಮಗಳ ಪುಸ್ತಕವನ್ನು ನಮಗೆ ಕೊಟ್ಟಿಲ್ಲ. ಅದರ ನಡೆಯನ್ನು ನೋಡಿ ನಾವು ನಿಯಮವನ್ನು ಊಹಿಸಬೇಕು, ಊಹೆಯನ್ನು ಪರೀಕ್ಷಿಸಬೇಕು. ಅವರು ತಮ್ಮನ್ನು ಎರಡು ತಂಡಗಳಾಗಿ ವಿಭಾಗಿಸಿಕೊಂಡರು. ಮೊದಲನೆಯ ತಂಡ ಆ ಸಂಸ್ಥೆಯದೇ ಆದ, ಮೂಲಲಿಪಿ ಇಲ್ಲದ ಡ್ರೈವರನ್ನು ಬಿಡಿಸಿ ಬಿಡಿಸಿ ಓದಿತು. ‘ಈ ರಿಜಿಸ್ಟರಿನ ನಾಲ್ಕನೆಯ ಬಿಟ್ಟನ್ನು ಎತ್ತಿ, ಇಷ್ಟು ಮೈಕ್ರೊಸೆಕೆಂಡು ಕಾದು, ಆಮೇಲೆ ಅದನ್ನು ಓದಬೇಕು’ ಎಂಬ ರೀತಿಯಲ್ಲಿ ತಾನು ಕಂಡದ್ದನ್ನು ಸಾದಾ ಮಾತಿನಲ್ಲಿ ಬರೆದಿಟ್ಟಿತು. ಎರಡನೆಯ ತಂಡ ಮೂಲ ಡ್ರೈವರನ್ನು ಕಣ್ಣೆತ್ತಿಯೂ ನೋಡದೆ, ಈ ಬರಹವನ್ನು ಮಾತ್ರ ಓದಿ ಹೊಸ ಡ್ರೈವರನ್ನು ಬರೆಯಿತು. ನಕಲು ಮಾಡಿದರೆಂಬ ಆಪಾದನೆ ಬಾರದಿರಲೆಂದು ಈ ಮಡಿ. ಹೀಗೆ ಹುಟ್ಟಿದ ಡ್ರೈವರು ೨೦೦೬ರಲ್ಲಿ ಕರ್ನಲ್ಲಿಗೆ ಸೇರಿತು. ೨೦೦೮ರಲ್ಲಿ ‘ಬಿ೪೩’ ಎಂಬ ಹೆಸರಿನ ಹೊಸ ರೂಪ ಬಂದಿತು. ಚಿಪ್ಪಿನ ಫರ್ಮ್‌ವೇರನ್ನು ಹಂಚಲು ಅನುಮತಿ ಇಲ್ಲದ್ದರಿಂದ, ಬಳಕೆದಾರರೇ ಸಂಸ್ಥೆಯ ಹಳೆಯ ಡ್ರೈವರಿನಿಂದ ಅದನ್ನು ಕತ್ತರಿಸಿ ತೆಗೆದುಕೊಳ್ಳುವುದಕ್ಕೆ ಒಂದು ಸಣ್ಣ ಸಾಧನವನ್ನೂ ಒದಗಿಸಿದರು. ೨೦೧೦ರ ಸೆಪ್ಟೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆಯೂ ಮುಕ್ತವಾದ ಒಂದು ಡ್ರೈವರನ್ನು ಪ್ರಕಟಿಸಿತು. ಆದರೆ ಅದು ಹೊಸ ಚಿಪ್ಪುಗಳಿಗೆ ಮಾತ್ರ. ಹಳೆಯವು ಇಂದಿಗೂ ಆ ಎರಡು ತಂಡಗಳವರ ಋಣದಲ್ಲಿವೆ.

ಈ ಡ್ರೈವರುಗಳಿಗಾಗಿ ವರ್ಷಗಟ್ಟಲೆ ದುಡಿದವರಲ್ಲಿ ಲ್ಯಾರಿ ಫಿಂಗರ್ ಎಂಬುವರೊಬ್ಬರು. ಅವರು ವೃತ್ತಿಯಿಂದ ಕಂಪ್ಯೂಟರಿನವರಲ್ಲ. ಅಮೆರಿಕದ ಕಾರ್ನೆಗಿ ಸಂಸ್ಥೆಯ ಭೂಭೌತ ಪ್ರಯೋಗಾಲಯದಲ್ಲಿ ಹರಳುಗಳ ರಚನೆಯನ್ನು ಕ್ಷ-ಕಿರಣಗಳಿಂದ ಅಭ್ಯಾಸ ಮಾಡುತ್ತಿದ್ದ ವಿಜ್ಞಾನಿ. ಮಧ್ಯ ಅಮೆರಿಕದ ಎಲ್ ಸಾಲ್ವಡೋರಿನ ಇಸಾಲ್ಕೊ ಜ್ವಾಲಾಮುಖಿಯಲ್ಲಿ ದೊರೆತ, ತಾಮ್ರ ಮತ್ತು ವೆನೇಡಿಯಂಗಳಿಂದ ಕೂಡಿದ ಒಂದು ಖನಿಜಕ್ಕೆ ಅವರ ಗೌರವಾರ್ಥವಾಗಿ ‘ಫಿಂಗರೈಟ್’ ಎಂದೇ ಹೆಸರಿದೆ. ನಿವೃತ್ತರಾದ ಮೇಲೆ ಅವರು ಲಿನಕ್ಸಿನ ವೈಫೈ ಡ್ರೈವರುಗಳನ್ನು ತಿದ್ದುವುದಕ್ಕೆ ತೊಡಗಿದರು. ಬ್ರಾಡ್‌ಕಾಮಿನವು, ಆಮೇಲೆ ರಿಯಲ್‌ಟೆಕ್ಕಿನವು. ಅವರು ೨೦೨೪ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಕಾಣದ ಪರಮಾಣುಗಳ ಜೋಡಣೆಯನ್ನು ಚದರಿದ ಕಿರಣಗಳ ಚುಕ್ಕೆಗಳಿಂದ ತರ್ಕಿಸಿ ತಿಳಿಯುವುದರಲ್ಲಿ ಆಯುಷ್ಯವನ್ನು ಕಳೆದ ಮನುಷ್ಯನಿಗೆ, ಒಳಗು ಕಾಣದ ಚಿಪ್ಪನ್ನು ಅದರ ಉತ್ತರಗಳಿಂದ ತಿಳಿಯುವುದು ಅಷ್ಟೇನೂ ಅಪರಿಚಿತವಾಗಿರಲಾರದೆಂದು ನಮಗನ್ನಿಸುತ್ತದೆ.

ಇನ್ನು ತೆರೆಯ ಬೆಳಕಿನ ವಿಚಾರ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕೀಲಿಗಳನ್ನು ಒತ್ತಿದರೆ ತೆರೆಯ ಮೇಲೆ ಸೂಚಕವೇನೋ ಏರಿ ಇಳಿಯುತ್ತಿದ್ದಿತು, ಬೆಳಕು ಮಾತ್ರ ಇದ್ದಂತೆಯೇ ಇರುತ್ತಿದ್ದಿತು. ಮುಚ್ಚಳವನ್ನು ಮುಚ್ಚಿದರೆ ಯಂತ್ರ ನಿದ್ರೆಹೋಗುತ್ತಿದ್ದಿತು. ತೆರೆದರೆ ಎಚ್ಚರವಾದರೂ ತೆರೆ ಕತ್ತಲೆ. ಇದರ ಬೇರು ‘ಎಸಿಪಿಐ’ ಎಂಬ ವ್ಯವಸ್ಥೆಯಲ್ಲಿದೆ. ೧೯೯೬ರಲ್ಲಿ ಇಂಟೆಲ್, ಮೈಕ್ರೊಸಾಫ್ಟ್, ತೋಷಿಬಾ ಸಂಸ್ಥೆಗಳು ಕೂಡಿ ಪ್ರಕಟಿಸಿದ ಒಪ್ಪಂದ ಅದು. ಅದರಂತೆ, ಯಂತ್ರವನ್ನು ಮಲಗಿಸುವುದು, ಎಬ್ಬಿಸುವುದು, ಬಿಸಿಯಾದರೆ ಫ್ಯಾನನ್ನು ತಿರುಗಿಸುವುದು ಮುಂತಾದ ಕೆಲಸಗಳ ವಿಧಿಗಳನ್ನು ಲ್ಯಾಪ್‌ಟಾಪಿನ ತಯಾರಕರೇ ಒಂದು ಸಂಕೇತಭಾಷೆಯಲ್ಲಿ ಬರೆದು ಯಂತ್ರದ ಶಾಶ್ವತ ಸ್ಮೃತಿಯಲ್ಲಿ ಇಟ್ಟಿರುತ್ತಾರೆ. ಕಾರ್ಯಾಚರಣ ವ್ಯವಸ್ಥೆ ಅದನ್ನು ಓದಿ ಅದರಂತೆ ನಡೆಯಬೇಕು.

ಈ ಬರಹದೊಳಗೆ ಒಂದು ಸ್ವಾರಸ್ಯವಿದೆ. ಅದು ತನ್ನನ್ನು ಓದುತ್ತಿರುವವರನ್ನೇ “ನೀನು ಯಾರು?” ಎಂದು ಕೇಳಬಲ್ಲದು. “ನೀನು ವಿಂಡೋಸ್ ೨೦೦೧ ಹೌದೇ?” ಎಂದರೆ ಎಕ್ಸ್‌ಪಿ, “ವಿಂಡೋಸ್ ೨೦೦೬ ಹೌದೇ?” ಎಂದರೆ ವಿಸ್ತಾ. ಉತ್ತರಕ್ಕೆ ತಕ್ಕಂತೆ ಅದು ಬೇರೆ ಬೇರೆ ದಾರಿ ಹಿಡಿಯುತ್ತದೆ. ಲಿನಕ್ಸ್ ಏನು ಹೇಳುತ್ತದೆ? ಪ್ರತಿ ಸಲವೂ “ಹೌದು” ಎನ್ನುತ್ತದೆ! “ನೀನು ಲಿನಕ್ಸೇ?” ಎಂದು ಕೇಳಿದರೆ ಮಾತ್ರ “ಅಲ್ಲ” ಎನ್ನುತ್ತದೆ. ಇದು ಸುಳ್ಳಾದರೂ ಅನುಭವದಿಂದ ಕಲಿತ ಸುಳ್ಳು. ತಯಾರಕರು ತಮ್ಮ ಯಂತ್ರಗಳನ್ನು ಪರೀಕ್ಷಿಸುತ್ತಿದ್ದುದು ವಿಂಡೋಸಿನೊಡನೆ. ಲಿನಕ್ಸಿಗೆಂದು ಬರೆದ ದಾರಿಗಳನ್ನು ಯಾರೂ ನಡೆದು ನೋಡಿರುತ್ತಿರಲಿಲ್ಲ. ನಡೆದು ಸವೆದ ದಾರಿಯೇ ಕ್ಷೇಮವೆಂದು ಕರ್ನಲ್ಲಿನವರು ತೀರ್ಮಾನಿಸಿದರು.

ನಮ್ಮ ಯಂತ್ರದಲ್ಲಿ ಬೆಳಕನ್ನು ನಿಯಂತ್ರಿಸಲು ಒಂದಕ್ಕಿಂತ ಹೆಚ್ಚು ದಾರಿಗಳಿದ್ದುವು. ಒಂದು ಈ ಎಸಿಪಿಐ ಬರಹದ ಮೂಲಕ; ಇನ್ನೊಂದು ಚಿತ್ರದ ಚಿಪ್ಪಿನ ರಿಜಿಸ್ಟರಿಗೆ ನೇರವಾಗಿ ಬರೆಯುವುದು. ಅಂದಿನ ತೆರೆಗಳ ಹಿಂದೆ ಇರುತ್ತಿದ್ದುದು ಎಳೆಯಂತೆ ತೆಳುವಾದ ಪ್ರತಿದೀಪ್ತಿ ಕೊಳವೆ. ಅದರ ಬೆಳಕನ್ನು ತಗ್ಗಿಸಲು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತಾರೆ. ಹೊತ್ತಿರುವ ಕಾಲದ ಪಾಲು ಕಡಿಮೆಯಾದಷ್ಟೂ ಕಣ್ಣಿಗೆ ಮಂಕು. ರಿಜಿಸ್ಟರಿನಲ್ಲಿ ಬರೆಯುವ ಅಂಕೆ ಆ ಪಾಲನ್ನು ಸೂಚಿಸುತ್ತದೆ. ಕರ್ನಲ್ ಮೊದಲನೆಯ ದಾರಿಯನ್ನು ಆರಿಸಿಕೊಂಡಿತ್ತು. ಎರಡನೆಯದನ್ನು ಹಿಡಿಯೆಂದು ಯಂತ್ರ ಆರಂಭವಾಗುವಾಗ ಓದುವ ಕಡತದಲ್ಲಿ ಒಂದು ಸಾಲನ್ನು ಸೇರಿಸಿದೆವು. ಬೆಳಕು ಕೀಲಿಯ ಮಾತನ್ನು ಕೇಳತೊಡಗಿತು. ನಾವು ನಿರೀಕ್ಷಿಸದೆ ಇದ್ದದ್ದೆಂದರೆ, ನಿದ್ರೆಯಿಂದ ಎದ್ದಾಗಿನ ಕತ್ತಲೆಯೂ ಅದರಿಂದಲೇ ಹೋಯಿತು. ಅಸಲಿಗೆ ತೆರೆ ಅಷ್ಟು ದಿನವೂ ಎದ್ದೇ ಇದ್ದಿತು. ಹಿಂದಿನ ದೀಪ ಮಾತ್ರ ಶೂನ್ಯಕ್ಕೆ ಇಳಿದಿದ್ದಿತು. ಕೈದೀಪದ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದ್ದರೆ ಅಕ್ಷರಗಳು ಮೊದಲೇ ಕಾಣುತ್ತಿದ್ದುವು.

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಬೆರಳಚ್ಚನ್ನು ಗುರುತಿಸುವ ಪಟ್ಟಿಗೆ ನಾವು ಎಷ್ಟು ಹುಡುಕಿದರೂ ಡ್ರೈವರ್ ಸಿಗಲಿಲ್ಲ. ದೂರವಾಣಿ ತಂತಿಗೆ ಜೋಡಿಸುವ ಮೋಡೆಮ್ಮನ್ನು ನಾವು ಪ್ರಯತ್ನಿಸಲೇ ಇಲ್ಲ. ಜೋಡಿಸಲು ಅಂಥ ತಂತಿಯೇ ಕಾಲೇಜಿನಲ್ಲಿ ಉಳಿದಿಲ್ಲ. ಬ್ಯಾಟರಿಗಳೆಲ್ಲ ಸತ್ತಿವೆ, ಚಾರ್ಜರನ್ನು ಕಿತ್ತರೆ ಯಂತ್ರ ಅಲ್ಲಿಗೇ ನಿಲ್ಲುತ್ತದೆ. ಅಂತರಜಾಲದ ಭಾರವಾದ ಪುಟಗಳನ್ನು ತೆರೆದರೆ ಏದುಸಿರು ಬಿಡುತ್ತದೆ. ಹಳೆಯ ಯಂತ್ರವು ಲಿನಕ್ಸಿನಿಂದ ಹೊಸದಾಗುತ್ತದೆಂಬ ಮಾತನ್ನು ವಾಚಕರು ನಂಬಬಾರದು. ಅದು ಹಳೆಯದಾಗಿಯೇ ಕೆಲಸಮಾಡುತ್ತದೆ.

ಲೋಲಕದ ಪ್ರಯೋಗಕ್ಕೆ ಅಷ್ಟೇ ಸಾಕಾಗಿದ್ದಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಅಪರೂಪವಾಗಿರುವ ಪ್ರತ್ಯೇಕ ಮೈಕ್ ತೂತು ಇದರಲ್ಲಿದೆ. ಮೈಕಿಗೆಂದು ಆ ತೂತಿನಲ್ಲಿ ಎರ್ಡು-ಮೂರು ವೋಲ್ಟುಗಳ ಒತ್ತಡ ಇದ್ದೇ ಇರುತ್ತದೆ. ಅದಕ್ಕೆ ಒಂದು ಫೋಟೊಟ್ರಾನ್ಸಿಸ್ಟರನ್ನು ಜೋಡಿಸಿ, ಎದುರಿಗೆ ಬ್ಯಾಟರಿಯಿಂದ ಉರಿಯುವ ಎಲ್‌ಇಡಿಯೊಂದನ್ನು ಇಟ್ಟು, ಲೋಲಕದ ಗುಂಡು ಇವುಗಳ ನಡುವೆ ಹಾಯುವಂತೆ ಹುಡುಗಿ ಏರ್ಪಾಡು ಮಾಡಿದಳು. ಧ್ವನಿಯ ಚಿಪ್ಪಿಗೆ ಹೋಗುವ ದಾರಿಯಲ್ಲಿ ಸಂಧಾರಕ ಇರುವುದರಿಂದ ಸ್ಥಿರವಾದ ವೋಲ್ಟೇಜು ಒಳಗೆ ಹೋಗದು. ಬೆಳಕು ಮರೆಯಾಗುವ ಮತ್ತು ಮರಳುವ ಕ್ಷಣಗಳಲ್ಲಿ ಮಾತ್ರ ಮೊನಚಾದ ಗುರುತುಗಳು ಮೂಡುತ್ತವೆ. ನಮಗೆ ಬೇಕಾದದ್ದೂ ಅವೇ. ಚಿಪ್ಪು ಸೆಕೆಂಡಿಗೆ ೪೪,೧೦೦ ಸಲ ಅಳೆಯುತ್ತದೆ. ಅಂದರೆ ಒಂದು ಅಳತೆಯಿಂದ ಇನ್ನೊಂದಕ್ಕೆ ಸುಮಾರು ೨೩ ಮೈಕ್ರೊಸೆಕೆಂಡು. ಒಂದು ಮೀಟರು ಉದ್ದದ ಲೋಲಕಕ್ಕೆ ಅವಳಿಗೆ ಸಿಕ್ಕಿದ ಆಂದೋಲನ ಕಾಲ ೨.೦೧೦ ಸೆಕೆಂಡು. ಅದರಿಂದ ಗುರುತ್ವದ ವೇಗೋತ್ಕರ್ಷ ೯.೭೭ ಎಂದಾಯಿತು.

“ಸಾರ್, ಈ ಚಿಪ್ಪಿನ ಗಡಿಯಾರಾನೇ ತಪ್ಪಿದ್ರೆ?” ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆ ಗಡಿಯಾರವು ಸ್ಫಟಿಕದ ಕಂಪನದಿಂದ ನಡೆಯುವಂಥದು. ಅದು ತಪ್ಪಿದರೂ ಹತ್ತು ಲಕ್ಷದಲ್ಲಿ ಕೆಲವು ಹತ್ತರಷ್ಟು ತಪ್ಪಬಹುದು. ದಾರದ ಉದ್ದವನ್ನು ಅಳೆಯುವಾಗ ಒಂದೇ ಮಿಲಿಮೀಟರು ಹೆಚ್ಚುಕಡಿಮೆಯಾದರೆ ಹತ್ತು ಲಕ್ಷದಲ್ಲಿ ಸಾವಿರದಷ್ಟು ತಪ್ಪಾಗುತ್ತದೆ. ಲೆಕ್ಕವನ್ನು ಅವಳೇ ಹಾಕಿ ನೋಡಿ, ಲ್ಯಾಪ್‌ಟಾಪನ್ನು ಬಿಟ್ಟು ಮೀಟರುಕೋಲನ್ನು ಸಂಶಯದಿಂದ ನೋಡತೊಡಗಿದಳು.

ಉಳಿದ ಮೂರು ಯಂತ್ರಗಳಿಗೆ ೨೦೨೫ರ ಆಗಸ್ಟಿನಲ್ಲಿ ಬಂದ ಹದಿಮೂರನೆಯ ಆವೃತ್ತಿಯನ್ನು ಹಾಕಿದೆವು. ಮೊದಲು ಸ್ವಿಚ್ಚನ್ನು ತಳ್ಳಿ, ಆಮೇಲೆ. ಮೂರೂ ಒಂದೇ ಮಧ್ಯಾಹ್ನದಲ್ಲಿ ಮುಗಿದುವು. ‘ನಿರುಪಯುಕ್ತ’ ಪಟ್ಟಿಯಿಂದ ನಾಲ್ಕು ಸಾಲುಗಳನ್ನು ಹೊಡೆದುಹಾಕಿಸಲು ಇದಕ್ಕಿಂತ ಹೆಚ್ಚು ದಿನ ಹಿಡಿಯಿತು. ಐದನೆಯದು, ‘ಎಲ್‌ಎಂ’ ಎಂಬ ಎರಡಕ್ಷರ ಇಲ್ಲದ್ದು, ಇನ್ನೂ ಬೀರುವಿನಲ್ಲಿದೆ. ಹದಿಮೂರನೆಯ ಆವೃತ್ತಿಯಲ್ಲಿ ೩೨ ಬಿಟ್ಟಿನ ಯಂತ್ರಗಳಿಗಾಗಿ ಸ್ಥಾಪನೆಯ ಪ್ರತಿಯನ್ನು ಕೊಟ್ಟಿಲ್ಲ. ಹನ್ನೆರಡನೆಯದನ್ನು ಹಾಕಬಹುದು, ಅದಕ್ಕೆ ೨೦೨೮ರ ಜೂನ್‌ವರೆಗೆ ತಿದ್ದುಪಡಿಗಳು ಬರುತ್ತವೆ. ಅಟೆಂಡರು ತಮ್ಮ ಮೊಮ್ಮಗನಿಗೆ ಟೈಪು ಕಲಿಯಲು ಅದು ಆದೀತೇ ಎಂದು ವಿಚಾರಿಸಿದ್ದಾರೆ.